ಮೂಲೆಯ ನಕ್ಷತ್ರ ಮಸುಕಾದರೆ...

ದೂರದರ್ಶಕಕ್ಕೆ ಕ್ಯಾಮೆರಾ ಜೋಡಿಸಿ ಕೃತ್ತಿಕಾ ಪುಂಜದ ಚಿತ್ರ ತೆಗೆದ ವಿದ್ಯಾರ್ಥಿಗೆ ಮರುದಿನ ಒಮ್ಮೊಮ್ಮೆ ನಿರಾಸೆ ಕಾದಿರುತ್ತದೆ. ಚಿತ್ರದ ನಡುವಿನ ನಕ್ಷತ್ರಗಳೆಲ್ಲ ಸೂಜಿಮೊನೆಯಷ್ಟು ಸ್ಫುಟ. ಬಲಗಡೆಯ ಮೇಲ್ಮೂಲೆಯವು ಮಾತ್ರ ಹರಡಿಕೊಂಡು ಮಸುಕಾಗಿವೆ. ‘ಮಸೂರ ಸರಿಯಿಲ್ಲ, ಹೊಸದು ಬೇಕು’ ಎಂಬ ಬೇಡಿಕೆ ಮನೆಯವರ ಮುಂದೆ ಬರುತ್ತದೆ. ಆದರೆ ಎಷ್ಟೋ ಸಲ ತಪ್ಪು ಮಸೂರದ್ದಲ್ಲ. ಕ್ಯಾಮೆರಾದ ಸಂವೇದಕ ಕೂದಲೆಳೆಯಷ್ಟು ಓರೆಯಾಗಿ ಕುಳಿತಿರುತ್ತದೆ.

ಹಿಂದೆ ಫಿಲ್ಮ್ ಇರುತ್ತಿದ್ದ ಜಾಗದಲ್ಲಿ ಈಗ ಇರುವ ಸಿಲಿಕಾನ್ ಬಿಲ್ಲೆಯೇ ಸಂವೇದಕ. ದೂರದರ್ಶಕ ನಕ್ಷತ್ರಗಳ ಬೆಳಕನ್ನು ಒಂದು ಸಮತಲದಲ್ಲಿ ಸಂಗಮಗೊಳಿಸುತ್ತದೆ. ಬಿಲ್ಲೆ ಪೂರ್ತಿಯಾಗಿ ಆ ತಲದಲ್ಲೇ ಇರಬೇಕು. ಒಂದು ಮೂಲೆ ಮುಂದೆ, ಎದುರಿನದು ಹಿಂದೆ ಸರಿದರೆ ಅಲ್ಲಿ ಚುಕ್ಕಿಯ ಬದಲು ಬಟ್ಟು ಮೂಡುತ್ತದೆ.

ಎಷ್ಟು ಓರೆಯಾದರೆ ತೊಂದರೆ? ಇದನ್ನು ಲೆಕ್ಕ ಹಾಕಬಹುದು. ಸಂಗಮ ದೂರವನ್ನು ಮಸೂರದ ವ್ಯಾಸದಿಂದ ಭಾಗಿಸಿದರೆ ‘ಎಫ್’ ಸಂಖ್ಯೆ ಸಿಗುತ್ತದೆ. ಅದರ ವರ್ಗವನ್ನು ಬೆಳಕಿನ ತರಂಗಾಂತರದ ನಾಲ್ಕರಷ್ಟರಿಂದ ಗುಣಿಸಿದರೆ, ಚಿತ್ರ ಸ್ಫುಟವಾಗಿ ಉಳಿಯುವ ಒಟ್ಟು ಆಳ ತಿಳಿಯುತ್ತದೆ. ಹಸಿರು ಬೆಳಕಿನ ತರಂಗಾಂತರ ಸುಮಾರು 0.5 ಮೈಕ್ರಾನ್. ಆದ್ದರಿಂದ ಎಫ್ 10ರ ದೂರದರ್ಶಕದಲ್ಲಿ ಈ ಆಳ 200 ಮೈಕ್ರಾನ್, ಎಫ್ 5ರಲ್ಲಿ 50, ಎಫ್ 2ರಲ್ಲಿ ಬರೀ 8! ಈಗ 36 ಮಿ.ಮೀ. ಅಗಲದ ಸಂವೇದಕ ಒಂದು ಡಿಗ್ರಿಯ ಹತ್ತನೇ ಒಂದು ಭಾಗ ಓರೆಯಾಯಿತೆನ್ನಿ. ಅದರ ಎರಡು ಅಂಚುಗಳ ನಡುವೆ 63 ಮೈಕ್ರಾನ್ ವ್ಯತ್ಯಾಸ ಬರುತ್ತದೆ. ಎಫ್ 10ರಲ್ಲಿ ಅದು ಕಾಣುವುದೇ ಇಲ್ಲ. ಎಫ್ 2ರಲ್ಲಿ ಚಿತ್ರವೇ ಕೆಡುತ್ತದೆ.

ದೋಷ ಯಾರದು ಎಂದು ಪತ್ತೆ ಹಚ್ಚುವುದು ಹೇಗೆ? ನಕ್ಷತ್ರಗಳೆಲ್ಲ ಒಂದೇ ದಿಕ್ಕಿಗೆ ಸಮನಾಗಿ ಉದ್ದವಾಗಿದ್ದರೆ, ಆಕಾಶದ ಚಲನೆಯನ್ನು ದೂರದರ್ಶಕ ಸರಿಯಾಗಿ ಹಿಂಬಾಲಿಸಿಲ್ಲ ಎಂದರ್ಥ. ನಾಲ್ಕೂ ಮೂಲೆ ಒಂದೇ ಸಮನೆ ಕೆಟ್ಟಿದ್ದರೆ, ಸಂಗಮ ತಲ ಬಾಗಿರಬಹುದು ಅಥವಾ ಅದನ್ನು ಸಮಗೊಳಿಸುವ ಮಸೂರಕ್ಕೂ ಸಂವೇದಕಕ್ಕೂ ನಡುವಿನ ದೂರ ತಪ್ಪಿರಬಹುದು. ಒಂದು ಕಡೆ ಮಾತ್ರ ಕೆಟ್ಟಿದ್ದರೆ ಓರೆಯನ್ನು ಶಂಕಿಸಬೇಕು. ಆಗ ಕ್ಯಾಮೆರಾವನ್ನು ಮಾತ್ರ 180 ಡಿಗ್ರಿ ತಿರುಗಿಸಿ ಇನ್ನೊಂದು ಚಿತ್ರ ತೆಗೆಯಿರಿ. ಮಸುಕು ಚಿತ್ರದ ಅದೇ ಮೂಲೆಯಲ್ಲಿ ಉಳಿದರೆ ದೋಷ ಕ್ಯಾಮೆರಾದ ಕಡೆಯದು. ಎದುರು ಮೂಲೆಗೆ ಹೋದರೆ ದೂರದರ್ಶಕದ ಕಡೆಯದು. ಕ್ಯಾಮೆರಾದ ಭಾರಕ್ಕೆ ಕೊಳವೆ ಜಗ್ಗಿದ್ದರೂ ಹೀಗಾಗುತ್ತದೆ.

ಕೇರಂ ಬೋರ್ಡ್ ವಾಲಿದರೆ ಅಡಿಗೆ ಕಾಗದ ಮಡಿಸಿ ಇಡುತ್ತೇವಲ್ಲವೆ? ಇಲ್ಲಿಯ ಉಪಾಯವೂ ಅದೇ. ಕ್ಯಾಮೆರಾಕ್ಕೂ ದೂರದರ್ಶಕಕ್ಕೂ ನಡುವೆ ತಿರುಪುಗಳಿರುವ ಒಂದು ತಟ್ಟೆಯನ್ನು ಕೂರಿಸುತ್ತಾರೆ. ಫೋಕಸ್ ಗುಂಡಿಯನ್ನು ಸ್ವಲ್ಪಸ್ವಲ್ಪವೇ ತಿರುಗಿಸಿದಾಗ ಮೂಲೆಗಳು ಬೇರೆ ಬೇರೆ ಹಂತದಲ್ಲಿ ಸ್ಫುಟವಾಗುತ್ತವೆ. ಆ ಅಂತರವೇ ಓರೆಯ ಅಳತೆ. 3 ಮಿ.ಮೀ. ದಪ್ಪದ ಸಾಮಾನ್ಯ ತಿರುಪು ಒಂದು ಸುತ್ತಿಗೆ ಅರ್ಧ ಮಿ.ಮೀ. ಸರಿಯುತ್ತದೆ. ಹತ್ತನೇ ಒಂದು ಸುತ್ತೆಂದರೆ 50 ಮೈಕ್ರಾನ್! ಆದ್ದರಿಂದ ಒಂದು ಸಲಕ್ಕೆ ಒಂದೇ ತಿರುಪು, ಅದೂ ತುಸುವೇ. ಮತ್ತೆ ಚಿತ್ರ ತೆಗೆದು ನೋಡಬೇಕು. ಕ್ಯಾಮೆರಾವನ್ನು ಬಿಚ್ಚಿ ಸಂವೇದಕವನ್ನೇ ಮುಟ್ಟುವ ಸಾಹಸ ಮಾತ್ರ ಬೇಡ.

ದೊಡ್ಡವರಿಗೂ ಈ ಕಾಟ ತಪ್ಪಿದ್ದಲ್ಲ. ಚಿಲಿ ದೇಶದ ವೆರಾ ರೂಬಿನ್ ವೀಕ್ಷಣಾಲಯದ ಮೊದಲ ಚಿತ್ರಗಳು 2025ರ ಜೂನ್‌ನಲ್ಲಿ ಬಿಡುಗಡೆಯಾದವು. ಅದರ ಕ್ಯಾಮೆರಾದಲ್ಲಿ ಆಕಾಶದ ಚಿತ್ರ ತೆಗೆಯುವ 189 ಸಂವೇದಕಗಳಿವೆ. ಸುಮಾರು 64 ಸೆಂ.ಮೀ. ಅಗಲಕ್ಕೆ ಹರಡಿರುವ ಅವುಗಳ ಏರುತಗ್ಗು ತಲೆಗೂದಲ ದಪ್ಪದ ಹತ್ತನೇ ಒಂದು ಭಾಗವನ್ನು ಮೀರದಂತೆ ಜೋಡಿಸಿದ್ದಾರೆ. ನಾಲ್ಕು ಮೂಲೆಗಳಲ್ಲಿ ಪ್ರತ್ಯೇಕ ಸಂವೇದಕಗಳು ನಕ್ಷತ್ರದ ಬೆಳಕನ್ನು ಪರೀಕ್ಷಿಸುತ್ತಿರುತ್ತವೆ. ಅವು ಕೊಟ್ಟ ಮಾಹಿತಿಯಂತೆ ಆರು ಕಾಲುಗಳ ಯಂತ್ರ ಇಡೀ ಕ್ಯಾಮೆರಾವನ್ನು ನೇರಗೊಳಿಸುತ್ತದೆ.

ಅಲ್ಲಿ ಯಂತ್ರ ಮಾಡುವ ಕೆಲಸವನ್ನು ಮನೆಯ ತಾರಸಿಯ ಮೇಲೆ ವಿದ್ಯಾರ್ಥಿಯ ಕಣ್ಣು ಮತ್ತು ತಾಳ್ಮೆ ಮಾಡಬೇಕು, ಅಷ್ಟೆ. ಹೊಸ ಮಸೂರಕ್ಕೆ ಹಣ ಹೊಂದಿಸುವ ಮೊದಲು ಕ್ಯಾಮೆರಾವನ್ನು ಒಮ್ಮೆ ತಿರುಗಿಸಿ ನೋಡಿದರೆ ಖರ್ಚಾಗುವುದು ಕೆಲವೇ ನಿಮಿಷ.