ಸೋತ ಪಕ್ಷದ ಪ್ರೇಕ್ಷಕರು

ಭಕ್ತಿಯು ಎರಡು ತೆರನೆಂದು ನಮ್ಮ ಹಿರಿಯರು ಹೇಳುವರು. ಫಲವನ್ನು ಬಯಸಿ ಮಾಡುವುದು ಕಾಮ್ಯ. ಫಲವನ್ನೆಣಿಸದೆ ಮಾಡುವುದು ನಿಷ್ಕಾಮ. ಈ ವಿಭಾಗವು ದೇವಾಲಯಕ್ಕೆ ಮಾತ್ರವಲ್ಲ, ಆಟದ ಅಂಗಳಕ್ಕೂ ಸಲ್ಲುವುದೆಂಬುದು ಅಮೆರಿಕಾ ದೇಶದ ಕಾಲೇಜುಗಳ ಬ್ಯಾಸ್ಕೆಟ್‌ಬಾಲ್ ಪಂದ್ಯಗಳನ್ನು ಕುರಿತು ಓದುವಾಗ ನಮಗೆ ಹೊಳೆಯಿತು. ಅದನ್ನೇ ಇಲ್ಲಿ ವಾಚಕರಿಗೆ ನಿವೇದಿಸುತ್ತೇವೆ.

ಈ ಆಟದ ಜನ್ಮವೃತ್ತಾಂತವು ಸ್ವಾರಸ್ಯವಾದುದು. ೧೮೯೧ನೆಯ ಇಸವಿಯ ಡಿಸೆಂಬರಿನಲ್ಲಿ ಮ್ಯಾಸಚೂಸೆಟ್ಸ್ ಪ್ರಾಂತದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಉಪಾಧ್ಯಾಯರು, ಚಳಿಯಿಂದ ಹೊರಗೆ ಆಡಲಾರದ ಶಿಷ್ಯರಿಗಾಗಿ, ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಹತ್ತು ಅಡಿ ಎತ್ತರದಲ್ಲಿ ಮೊಳೆಹೊಡೆದು ನಿಲ್ಲಿಸಿ ಇದನ್ನು ಕಲ್ಪಿಸಿದರು. ಮುಂದೆ ಅವರು ಕ್ಯಾನ್ಸಾಸ್ ವಿಶ್ವವಿದ್ಯಾನಿಲಯದ ತಂಡಕ್ಕೆ ಮೊದಲ ಶಿಕ್ಷಕರಾದರು. ಅಲ್ಲಿ ಅವರ ತಂಡವು ೫೫ ಪಂದ್ಯಗಳನ್ನು ಗೆದ್ದು ೬೦ನ್ನು ಸೋತಿತು. ಆಟವನ್ನು ಹುಟ್ಟಿಸಿದವರಿಗೇ ಗೆಲವಿಗಿಂತ ಸೋಲು ಹೆಚ್ಚಾಯಿತೆಂಬುದು ನೆನಪಿಡತಕ್ಕ ಮಾತು.

ಈ ಆಟಕ್ಕೆ ಈಗ ಜನ ಮುಗಿಬೀಳುವ ಪರಿಯನ್ನು ಉತ್ತರ ಕ್ಯಾರೊಲೈನಾದ ಡರ್ಹಮ್ ನಗರದ ಡ್ಯೂಕ್ ವಿಶ್ವವಿದ್ಯಾನಿಲಯದಲ್ಲಿ ಕಾಣಬಹುದು. ಅಲ್ಲಿನ ಕ್ಯಾಮರನ್ ಕ್ರೀಡಾಮಂದಿರವು ೧೯೪೦ರಲ್ಲಿ ತೆರೆದುದು. ಅದರಲ್ಲಿ ಹಿಡಿಸುವ ಜನ ೯,೩೧೪. ನೆರೆಯ ಚಾಪೆಲ್ ಹಿಲ್ಲಿನ ತಂಡದೊಡನೆ ಪಂದ್ಯವೆಂದರೆ, ಒಳಗೆ ಎಡೆ ದೊರಕಿಸಿಕೊಳ್ಳಲು ವಿದ್ಯಾರ್ಥಿಗಳು ಮಂದಿರದ ಹೊರಗಿನ ಹುಲ್ಲುಗಾವಲಿನಲ್ಲಿ ಡೇರೆ ಹೂಡಿ ಚಳಿಗಾಲದ ವಾರಗಟ್ಟಲೆ ರಾತ್ರಿಗಳನ್ನು ಕಳೆಯುವರು. ಅಕಸ್ಮಾತ್ತಾಗಿ ಹಾಜರಿ ಕೂಗುವುದುಂಟು. ಕರೆದಾಗ ಇಲ್ಲದವರ ಡೇರೆಗೆ ಸರದಿ ತಪ್ಪುವುದು. ಈ ಪದ್ಧತಿ ಮೊದಲಾದುದು ೧೯೮೬ರಲ್ಲಿ. ಆ ಬಯಲಿಗೆ ಶಿಕ್ಷಕರಾದ ಮೈಕ್ ಶಶೆವ್‌ಸ್ಕಿಯವರ ಹೆಸರನ್ನೇ ಇಟ್ಟಿರುವರು.

ಆದರೆ ಇದೇ ಶಿಕ್ಷಕರು ೧೯೮೦ರಲ್ಲಿ ಬಂದ ಹೊಸತರಲ್ಲಿ ತಂಡವು ೧೯೮೨, ೧೯೮೩ರ ಎರಡು ಋತುಗಳಲ್ಲಿಯೂ ಒಂದೇಸಮನೆ ೧೭ ಪಂದ್ಯಗಳನ್ನು ಸೋಲಲು, ಇವರನ್ನು ತೆಗೆದುಹಾಕಿರೆಂದು ಕೂಗೆದ್ದಿತು. ಅಧಿಕಾರಿಗಳು ತಾಳ್ಮೆಯಿಂದ ಅವರನ್ನು ಉಳಿಸಿಕೊಂಡರು. ೨೦೨೨ರಲ್ಲಿ ನಿವೃತ್ತರಾಗುವುದರೊಳಗಾಗಿ ಅವರು ಐದು ಸಲ ರಾಷ್ಟ್ರವಿಜಯವನ್ನು ತಂದಿತ್ತರು. ಡೇರೆಗಳೆದ್ದುದು ಗೆಲವು ಬಂದಮೇಲೆ, ಕೂಗೆದ್ದುದು ಸೋಲಿನಲ್ಲಿ. ಡೇರೆಯ ಚಳಿಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೂ ಫಲ ಕೈಗೆಟುಕುವಂತಿರುವಾಗಿನ ತಪಸ್ಸು ಅದು.

ಇನ್ನೊಂದು ಬಗೆಯ ನಿಷ್ಠೆಗೆ ಕ್ಯಾಲಿಫೋರ್ನಿಯಾದ ಪಸಾಡೀನಾ ನಗರಕ್ಕೆ ಹೋಗಬೇಕು. ಅಲ್ಲಿರುವ ಕ್ಯಾಲ್‌ಟೆಕ್ ಎಂಬ ವಿಜ್ಞಾನ ವಿದ್ಯಾಸಂಸ್ಥೆಯು ನೊಬೆಲ್ ಪಾರಿತೋಷಕ ಪಡೆದ ಪಂಡಿತರಿಗೆ ತವರು, ಚೆಂಡಾಟಕ್ಕಲ್ಲ. ಆಟದ ಬಲದಿಂದ ವಿದ್ಯಾರ್ಥಿವೇತನ ಕೊಡುವ ಪದ್ಧತಿ ಅಲ್ಲಿಲ್ಲ. ೧೯೮೫ರಿಂದ ೨೦೧೧ರ ವರೆಗೆ ಅವರ ಪುರುಷರ ತಂಡವು ತನ್ನ ಕೂಟದ ಕಾಲೇಜುಗಳ ಎದುರಿಗೆ ಒಂದರ ಮೇಲೊಂದರಂತೆ ೩೧೦ ಪಂದ್ಯಗಳನ್ನು ಸೋತಿತು. ಓದು ನಾಲ್ಕು ವರ್ಷದ್ದು. ಆದುದರಿಂದ ಕೂಟದಲ್ಲಿ ಒಂದು ಗೆಲವನ್ನಾದರೂ ಕಾಣದೆಯೇ ಅಲ್ಲಿ ಸೇರಿ, ಆಡಿ, ಪದವಿ ಪಡೆದು ಹೋದವರು ಎಷ್ಟೋ ಮಂದಿ. ಅಂಥ ಆಟವನ್ನು ನೋಡಲು ಬಂದವರು ಏನನ್ನು ಬಯಸಿ ಬಂದಿರಬೇಕು? ಜಯವನ್ನಂತೂ ಅಲ್ಲ. ಆಡುತ್ತಿರುವವನು ತಮ್ಮ ಪ್ರಯೋಗಶಾಲೆಯ ಗೆಳೆಯ, ತಮ್ಮ ಶಿಷ್ಯ ಎಂಬುದಷ್ಟೇ ಅವರಿಗೆ ಸಾಕಾಗಿದ್ದಿತು.

೨೦೧೧ನೆಯ ಫೆಬ್ರವರಿ ೨೨ರಂದು, ಋತುವಿನ ಕೊನೆಯ ಪಂದ್ಯದಲ್ಲಿ, ಕ್ಯಾಲ್‌ಟೆಕ್ ತಂಡವು ಆಕ್ಸಿಡೆಂಟಲ್ ಕಾಲೇಜನ್ನು ೪೬-೪೫ರಿಂದ ಸೋಲಿಸಿತು. ಗೆಲವಿನ ಆ ಒಂದು ಅಂಕವು ಬಂದುದು ಕಡೆಯ ಕೆಲವು ಕ್ಷಣಗಳಲ್ಲಿ. ಗೆಲವನ್ನೇ ಉಂಡು ಬೆಳೆದವರಿಗೆ ಆ ಒಂದಂಕದ ರುಚಿ ತಿಳಿಯುವುದು ಕಷ್ಟ.

ಇದನ್ನು ಗೃಹಸ್ಥರ ಮುಂದಿಡುವುದಕ್ಕೆ ಕಾರಣವುಂಟು. ಮಗು ಆಟದಿಂದ ಮನೆಗೆ ಬಂದೊಡನೆ ನಾವು ಕೇಳುವ ಮೊದಲ ಪ್ರಶ್ನೆ "ಗೆದ್ದೆಯಾ?" ಎಂಬುದು. ಉಪಾಧ್ಯಾಯರಾಗಿದ್ದಾಗ ನಾವೂ, ಹುಡುಗರು ಪಂದ್ಯಕ್ಕೆ ಕರೆದರೆ, ತಿದ್ದತಕ್ಕ ಪುಸ್ತಕಗಳ ನೆವ ಹೇಳಿ ಒಳಗೇ ಕುಳಿತಿದ್ದು, ಅವರು ಗೆದ್ದು ಬಂದ ದಿನ ಮಾತ್ರ ಬಾಗಿಲಿಗೆ ಹೋಗಿ ಬೆನ್ನು ತಟ್ಟಿದವರೇ. ಸೋತ ದಿನ ಅವರು ಸದ್ದಿಲ್ಲದೆ ಹಿಂದಿನ ಬಾಗಿಲಿನಿಂದ ಹೋಗುತ್ತಿದ್ದರು. ಹಾಗೇಕೆಂದು ಆಗ ನಾವು ವಿಚಾರಿಸಲಿಲ್ಲ, ಈಗ ತಿಳಿಯುತ್ತದೆ. ಸೋಲುವ ಬಾಲಕನು ಅಂಕಫಲಕವನ್ನು ನೋಡುವುದು ಆಮೇಲೆ. ಬೇಲಿಯ ಬಳಿ ತನ್ನವರು ಯಾರಾದರೂ ನಿಂತಿರುವರೇ ಎಂದು ನೋಡುವುದು ಮೊದಲು.

ಬರುವ ಶನಿವಾರ ನಿಮ್ಮ ಮಗನೋ ಮಗಳೋ ಆಡುವುದಾದರೆ, ಗೆಲ್ಲುವ ಸಂಭವವನ್ನು ವಿಚಾರಿಸದೆ ಹೋಗಿ ನಿಲ್ಲಿರಿ. ನಮ್ಮಿಂದಾಗದೆ ಹೋದುದು ನಿಮ್ಮಿಂದ ಆಗಲಿ.