ಹಿಂಬದಿ ಎಂಜಿನ್ನಿನ ಹಳೆಯ ಕಾರಿಗೆ ಡೀಸೆಲ್ ಎಂಜಿನ್: ಕೂರಿಸಬಹುದು, ರಸ್ತೆಗೆ ಇಳಿಸಬಹುದೇ?

ಚಿನ್ನಮನೂರಿನ ಸಮೀಪದ ಮಾರ್ಕಯನ್‌ಕೋಟ್ಟೈಯಂತಹ ಕಂಬಂ ಕಣಿವೆಯ ಊರುಗಳಲ್ಲಿ ಕನ್ನಡ ಮನೆಮಾತಿನ ಕುಟುಂಬಗಳಿಗೂ ಏಲಕ್ಕಿ ಮಲೆಗಳಿಗೂ ನಡುವಿನ ಕೊಂಡಿ ಜೀಪು. ಬೋಡಿನಾಯಕನೂರಿನಿಂದ ಬೋಡಿಮೆಟ್ಟಿಗೆ ಏರುವ ಘಟ್ಟದ 17 ಕಡಿದಾದ ತಿರುವುಗಳಲ್ಲಿ ತೋಟದ ಕೂಲಿಯಾಳುಗಳನ್ನು ಹೊತ್ತು ಸಾಗುವ ಜೀಪುಗಳೆಲ್ಲ ಇಂದು ಡೀಸೆಲ್ ವಾಹನಗಳೇ. ಒಂದು ಕಾಲಕ್ಕೆ ಹಾಗಿರಲಿಲ್ಲ. ಮಹೀಂದ್ರ ಜೀಪು ವಿಲ್ಲಿಸ್ ಮೂಲದ ಪೆಟ್ರೋಲ್ ಎಂಜಿನ್ನಿನಿಂದ ಓಡುತ್ತಿತ್ತು. ಮುಂದೆ ಕಂಪನಿಯೇ ಡೀಸೆಲ್ಲಿಗೆ ಹೊರಳಿತು. 1979ರಲ್ಲಿ ಫ್ರಾನ್ಸಿನ ಪ್ಯೂಜೋ ಸಂಸ್ಥೆಯಿಂದ ಡೀಸೆಲ್ ಎಂಜಿನ್ ತಯಾರಿಕೆಯ ಪರವಾನಗಿ ಪಡೆಯಿತು. ಹಳೆಯ ಪೆಟ್ರೋಲ್ ಜೀಪಿಗೂ ಅಂಬಾಸಿಡರಿಗೂ ಡೀಸೆಲ್ ಎಂಜಿನ್ ಕೂರಿಸಿಕೊಡುವುದು ವರ್ಕ್‌ಶಾಪುಗಳ ಕಸುಬೇ ಆಗಿತ್ತು.

ಇದನ್ನು ನೋಡುತ್ತ ಬೆಳೆದು ಐಟಿಐ ಅಥವಾ ಪಾಲಿಟೆಕ್ನಿಕ್ ಸೇರಿದ ಹುಡುಗನು, ಹಿಂಬದಿಯಲ್ಲಿ ಎಂಜಿನ್ ಇರುವ ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್ಲಿಗೂ ಹೀಗೆಯೇ ಮಾಡಬಾರದೇಕೆ ಎಂದು ಕೇಳಿದರೆ ಅದು ದಡ್ಡ ಪ್ರಶ್ನೆಯಲ್ಲ. ಬೀಟಲ್ಲಿನ ಎಂಜಿನ್ ಗೇರ್‌ಬಾಕ್ಸಿಗೆ ಅಂಟಿಕೊಂಡಿರುವುದು ಕೇವಲ ನಾಲ್ಕು ಬೋಲ್ಟುಗಳಿಂದ. ಬಿಚ್ಚುವುದು ಇಷ್ಟು ಸುಲಭವಾಗಿರುವುದೇ ಆಸೆ ಹುಟ್ಟಿಸುತ್ತದೆ. ಆ ಆಸೆಗೆ ಹಣ ಕೊಡಬೇಕಾದ ತಂದೆತಾಯಿಯರು ಮೊದಲು ತಿಳಿದಿರಬೇಕಾದ ಸಂಗತಿಗಳು ಕೆಲವುಂಟು.

ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಇವೆರಡೂ ಅಂತರ್ದಹನ ಎಂಜಿನ್‌ಗಳೇ. (ಈ ಪದವನ್ನು ವರ್ಕ್‌ಶಾಪಿನಲ್ಲಿ ಆಡಿದರೆ ತಿರುಗಿ ನೋಡುವವರಿಲ್ಲ, ಆದರೆ ಅರ್ಥವನ್ನು ಅದು ಚೆನ್ನಾಗಿಯೇ ಹೇಳುತ್ತದೆ.) ಪೆಟ್ರೋಲ್ ಎಂಜಿನ್ನಿನಲ್ಲಿ ಕಿಡಿಯಿಂದ ಇಂಧನ ಹೊತ್ತುತ್ತದೆ. ಡೀಸೆಲ್ಲಿನಲ್ಲಿ ಕಿಡಿಯಿಲ್ಲ, ಗಾಳಿಯನ್ನು ಇಪ್ಪತ್ತರಲ್ಲೊಂದು ಪಾಲಿನಷ್ಟು ಜಾಗಕ್ಕೆ ಒತ್ತಿದಾಗ ಹುಟ್ಟುವ ಕಾವಿನಿಂದಲೇ ಅದು ಹೊತ್ತಿಕೊಳ್ಳುತ್ತದೆ. ಹಳೆಯ ಬೀಟಲ್ಲಿನಲ್ಲಿ ಈ ಒತ್ತಡದ ಅನುಪಾತ ಏಳರ ಆಸುಪಾಸು. ಇಷ್ಟು ಒತ್ತಡ ತಾಳಬೇಕಾದುದರಿಂದ ಡೀಸೆಲ್ ಎಂಜಿನ್ನಿನ ಮೈಕಟ್ಟು ದಪ್ಪ, ತೂಕ ಹೆಚ್ಚು, ನಡುಕವೂ ಹೆಚ್ಚು.

ತೊಡಕಿನ ಮೂಲ ಇಲ್ಲಿದೆ. ಜೀಪಿನಲ್ಲಿ ಎಂಜಿನ್ ಮುಂದಿದೆ, ಅದರ ಮುಂದೆಯೇ ರೇಡಿಯೇಟರ್. ಬೀಟಲ್ಲಿನಲ್ಲಿ ರೇಡಿಯೇಟರೇ ಇಲ್ಲ. ಫ್ಯಾನಿನ ಗಾಳಿಯೇ ಎಂಜಿನ್ನನ್ನು ತಣಿಸುತ್ತದೆ. ಇಂದಿನ ಕಾರುಗಳ ಡೀಸೆಲ್ ಎಂಜಿನ್ನಿಗೆ ನೀರು ಬೇಕು. ರೇಡಿಯೇಟರನ್ನು ಹಿಂದೆ ಇಟ್ಟರೆ ಗಾಳಿ ಸಾಲದು, ಮುಂದೆ ಇಟ್ಟರೆ ಕಾರಿನುದ್ದಕ್ಕೂ ನೀರಿನ ಕೊಳವೆ ಎಳೆಯಬೇಕು, ಆ ಕೊಳವೆಯಲ್ಲಿ ಸಿಕ್ಕಿಕೊಂಡ ಗಾಳಿಯನ್ನು ಪೂರ್ತಿ ಹೊರಹಾಕಬೇಕು. ಹಾಕದಿದ್ದರೆ ಘಟ್ಟದ ಅರ್ಧಕ್ಕೇ ಎಂಜಿನ್ ಕುದಿಯುತ್ತದೆ.

ಫೋಕ್ಸ್‌ವ್ಯಾಗನ್ ಕಂಪನಿಗೂ ಈ ಹಾದಿ ನೇರವಾಗಿರಲಿಲ್ಲ. 1950ರ ದಶಕದ ಆರಂಭದಲ್ಲಿ ಪೋರ್ಷೆ ಸಂಸ್ಥೆ ಬೀಟಲ್ಲಿಗಾಗಿ 1.3 ಲೀಟರಿನ, 25 ಅಶ್ವಶಕ್ತಿಯ ಡೀಸೆಲ್ ಎಂಜಿನ್ ರೂಪಿಸಿತು. ಗಂಟೆಗೆ ನೂರು ಕಿಲೋಮೀಟರ್ ವೇಗ ಮುಟ್ಟಲು ಅದಕ್ಕೆ ಸುಮಾರು ಒಂದು ನಿಮಿಷ ಬೇಕಾಗುತ್ತಿತ್ತು, ಸದ್ದೂ ಹೆಚ್ಚು. ಯೋಜನೆ ಅಲ್ಲಿಗೇ ನಿಂತಿತು. 1981ರಲ್ಲಿ ಅದೇ ಕಂಪನಿಯ ಟಿ3 ವ್ಯಾನಿನ ಹಿಂಬದಿಗೆ 1.6 ಲೀಟರಿನ, 50 ಅಶ್ವಶಕ್ತಿಯ ಡೀಸೆಲ್ ಎಂಜಿನ್ ಬಂದಿತು. ಜಾಗ ಸಾಲದೆ ಅದನ್ನು 50 ಡಿಗ್ರಿ ಓರೆಯಾಗಿ ಮಲಗಿಸಬೇಕಾಯಿತು. ರೇಡಿಯೇಟರ್ ವ್ಯಾನಿನ ಮೂತಿಯಲ್ಲಿ ಕುಳಿತಿತು. ನಮ್ಮ ದೇಶದ ಹಿಂಬದಿ ಎಂಜಿನ್ ಕಾರಾದ ಟಾಟಾ ನ್ಯಾನೋ ಕೂಡ ಡೀಸೆಲ್ ರೂಪದಲ್ಲಿ ಮಾರಾಟಕ್ಕೆ ಬರಲೇ ಇಲ್ಲ.

ಇಂದು ಹೊರದೇಶಗಳ ಹವ್ಯಾಸಿಗಳು ಹಳೆಯ ಟಿ3 ವ್ಯಾನಿಗೆ ಹೆಚ್ಚಾಗಿ ಕೂರಿಸುವುದು 1.9 ಲೀಟರಿನ ಟರ್ಬೊ ಡೀಸೆಲ್. 90 ಅಶ್ವಶಕ್ತಿಯ ಮಾದರಿಯ ತಿರುಗುಬಲ, ಅಂದರೆ ಟಾರ್ಕ್, ಸುಮಾರು 200 ನ್ಯೂಟನ್ ಮೀಟರ್. 1200 ಸಿಸಿ ಬೀಟಲ್ಲಿನದು ಸುಮಾರು 82. ಅಷ್ಟಕ್ಕೆಂದು ಮಾಡಿದ ಗೇರ್‌ಬಾಕ್ಸಿನ ಮೇಲೆ ಎರಡೂವರೆ ಪಟ್ಟು ಬಲ ಹೇರಿದರೆ ಅದು ಎಷ್ಟು ದಿನ ಬಾಳೀತು? ಹೊಂದಿಸುವ ತಟ್ಟೆ, ಕ್ಲಚ್, ಎಂಜಿನ್ನಿನ ಆಧಾರಗಳು ಎಲ್ಲವನ್ನೂ ಹೊಸದಾಗಿ ಮಾಡಬೇಕು. ಎಂಜಿನ್ನಿನ ಬೆಲೆಯನ್ನಷ್ಟೇ ಲೆಕ್ಕ ಹಾಕಿದವರು ಅರ್ಧದಲ್ಲಿ ಕೈಬಿಡುವುದು ಇದರಿಂದಲೇ.

ತೂಕದ ಮಾತು ಇನ್ನೂ ಗಂಭೀರ. ಹಳೆಯ ಬೀಟಲ್ಲಿನ ಹಿಂದಿನ ಚಕ್ರಗಳು ರಭಸದ ತಿರುವಿನಲ್ಲಿ ಒಳಕ್ಕೆ ಮಡಿಯುವ ಸ್ವಭಾವದವು. ಅಚ್ಚಿನ ಹಿಂದೆ ಭಾರ ಹೆಚ್ಚಿದಷ್ಟೂ ತಿರುವಿನಲ್ಲಿ ಕಾರಿನ ಬಾಲ ಹೊರಕ್ಕೆ ಬೀಸುವ ಅಪಾಯ ಹೆಚ್ಚು. ಬೋಡಿಮೆಟ್ಟಿನಿಂದ ಇಳಿಯುವಾಗ ಹಾಗಾದರೆ ತಿದ್ದಿಕೊಳ್ಳಲು ಜಾಗವಿಲ್ಲ.

ಇನ್ನು ಕಾನೂನು. ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ, ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗೆ ಆರ್‌ಸಿ ಪುಸ್ತಕ ಹೊಂದದಂತೆ ಮಾಲೀಕನು ವಾಹನವನ್ನು ಬದಲಿಸುವಂತಿಲ್ಲ; ಬೇರೆ ಇಂಧನಕ್ಕೆ ಮಾರ್ಪಡಿಸಲು ನಿಯಮಬದ್ಧ ಕಿಟ್ ಜೋಡಿಸುವುದಕ್ಕೆ ಮಾತ್ರ ಅವಕಾಶವಿದೆ. ಕೇರಳದಿಂದ ಹೋದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನು ಬಿಗಿಯಾಗಿ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಅಕ್ರಮ ಮಾರ್ಪಾಡಿಗೆ ಆರು ತಿಂಗಳವರೆಗೆ ಸೆರೆ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ ಉಂಟು. ಅಪಘಾತವಾದರೆ ವಿಮೆಯ ಹಣಕ್ಕೂ ತಕರಾರು ಏಳಬಹುದು. ಜೀಪುಗಳ ಕಾಲದ ರೂಢಿಯನ್ನು ಇಂದಿನ ಸಮರ್ಥನೆಯಾಗಿ ತೋರಿಸಲಾಗದು.

ಆದರೂ ಹುಡುಗನ ಉತ್ಸಾಹವನ್ನು ಗದರಿ ಅಡಗಿಸಬೇಕಿಲ್ಲ. ಗುಜರಿಯಿಂದ ತಂದ ಡೀಸೆಲ್ ಎಂಜಿನ್ನೊಂದನ್ನು ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕೂರಿಸಿ, ರೇಡಿಯೇಟರ್ ಜೋಡಿಸಿ, ಮೇಷ್ಟರ ಎದುರಿನಲ್ಲಿ ಓಡಿಸಿ ತೋರಿಸಲಿ. ತಣಿಸುವಿಕೆ, ನಡುಕ, ಟಾರ್ಕ್ ಮೂರೂ ಅಲ್ಲಿಯೇ ಕೈಗೆ ತಿಳಿಯುತ್ತವೆ. ಅದಕ್ಕೆ ಆರ್‌ಸಿ ಪುಸ್ತಕವೂ ಬೇಡ.