ಕಾರಿನ ಆಕ್ಸಲ್ ಬದಲಿಸುವ ಹೊತ್ತು

ಕಾರು ಒಂದು ಲಕ್ಷ ಕಿಲೋಮೀಟರ್ ದಾಟಿದರೆ ಆಕ್ಸಲ್ ಬದಲಿಸಿಬಿಡಬೇಕೇ, ಇಲ್ಲ ಅದು ಕೈಕೊಡುವ ತನಕ ಓಡಿಸಬಹುದೇ? ಹಳೆಯ ಕಾರು ಇಟ್ಟುಕೊಂಡವರನ್ನೂ ಸೆಕೆಂಡ್ ಹ್ಯಾಂಡ್ ಕೊಳ್ಳಲು ಹೊರಟವರನ್ನೂ ಈ ಪ್ರಶ್ನೆ ಕಾಡುತ್ತದೆ. ಎಂಜಿನ್ ಆಯಿಲ್, ಏರ್ ಫಿಲ್ಟರ್, ಟೈಮಿಂಗ್ ಬೆಲ್ಟ್ ಇವಕ್ಕೆಲ್ಲ ಇಂತಿಷ್ಟು ಕಿಲೋಮೀಟರ್ ಎಂಬ ಗಡುವಿದೆ. ಆಕ್ಸಲಿಗೆ ಮಾತ್ರ ಸರ್ವಿಸ್ ಪಟ್ಟಿಯಲ್ಲಿ ಸಾಮಾನ್ಯವಾಗಿ ಅಂಥ ಗಡುವು ಕಾಣುವುದಿಲ್ಲ. ಅದರ ತುದಿಗಳಲ್ಲಿರುವ ರಬ್ಬರ್ ಬೂಟುಗಳನ್ನು ಪರೀಕ್ಷಿಸಿ ಎಂಬ ಸೂಚನೆಯಷ್ಟೇ ಇರುತ್ತದೆ. ಪಟ್ಟಿ ಬರೆದವರು ಮರೆತದ್ದರಿಂದ ಹೀಗಾಗಿಲ್ಲ. ಆಕ್ಸಲಿನ ಆಯುಸ್ಸನ್ನು ತೀರ್ಮಾನಿಸುವುದು ಅದು ಓಡಿದ ದೂರವಲ್ಲ, ಆ ಬೂಟು ಹರಿಯದೆ ಉಳಿದ ಕಾಲ. ಇದು ಮನಸ್ಸಿಗೆ ಹಿಡಿದರೆ ಅನಗತ್ಯವಾಗಿ ಆಕ್ಸಲ್ ಬದಲಿಸುವ ಖರ್ಚೂ ತಪ್ಪುತ್ತದೆ, ಬದಲಿಸಲೇಬೇಕಾದಾಗ ಮುಂದೂಡುವ ಅಪಾಯವೂ ತಪ್ಪುತ್ತದೆ.

ಗ್ಯಾರೇಜಿನಲ್ಲಿ ಆಕ್ಸಲ್ ಎಂದು ಕರೆಯುವುದು ಗೇರ್‌ಬಾಕ್ಸಿನಿಂದ ಮುಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಡ್ರೈವ್ ಶಾಫ್ಟನ್ನು. 1983ರಲ್ಲಿ ಮಾರುತಿ 800 ಬಂದಮೇಲೆ ಮುಂದಿನ ಚಕ್ರಗಳಿಂದಲೇ ಎಳೆಯುವ ಸಣ್ಣ ಕಾರು ನಮ್ಮ ದೇಶದಲ್ಲಿ ಮನೆಮಾತಾಯಿತು. ಇಂದು ನಮ್ಮ ರಸ್ತೆಗಳ ಸಣ್ಣ ಕಾರುಗಳಲ್ಲಿ ಹೆಚ್ಚಿನವು ಇದೇ ಜಾತಿಯವು. ಮುಂದಿನ ಚಕ್ರ ಉರುಳುವುದರ ಜತೆಗೆ ಎಡಕ್ಕೆ ಬಲಕ್ಕೆ ತಿರುಗಬೇಕು, ಹಳ್ಳದಲ್ಲಿ ಮೇಲೆ ಕೆಳಗೆ ಆಡಬೇಕು, ಇಷ್ಟರ ನಡುವೆಯೂ ಎಂಜಿನ್ನಿನ ಶಕ್ತಿ ಕಡಿಯದೆ ಬರುತ್ತಿರಬೇಕು. ಹದಿನೇಳನೆಯ ಶತಮಾನದ ರಾಬರ್ಟ್ ಹುಕ್ ಹೆಸರಿನಲ್ಲಿರುವ ಹಳೆಯ ಬಗೆಯ ಕೀಲು ಈ ಕೆಲಸಕ್ಕೆ ಒಗ್ಗದು. ಅದನ್ನು 40 ಡಿಗ್ರಿ ಬಗ್ಗಿಸಿ ಒಂದು ತುದಿಯನ್ನು 100ರ ಸಮವೇಗದಲ್ಲಿ ತಿರುಗಿಸಿದರೆ, ಇನ್ನೊಂದು ತುದಿಯ ವೇಗ 77ಕ್ಕೆ ಇಳಿದು 130ಕ್ಕೆ ಏರುತ್ತದೆ. ಅದೂ ಒಂದೇ ಸುತ್ತಿನಲ್ಲಿ ಎರಡೆರಡು ಸಲ. ಪ್ರತಿ ತಿರುವಿನಲ್ಲೂ ಸ್ಟೇರಿಂಗ್ ಕೈಯಲ್ಲಿ ಅದುರುತ್ತದೆ. 1920ರ ದಶಕದಲ್ಲಿ ಆಲ್ಫ್ರೆಡ್ ಝೆಪ್ಪಾ ಎಂಬ ಎಂಜಿನಿಯರ್ ಇದಕ್ಕೊಂದು ಪರಿಹಾರ ಕಂಡ. ಬಟ್ಟಲಿನಂಥ ಹೊರಭಾಗ, ಅದರೊಳಗೊಂದು ಚಿಕ್ಕ ಗೋಳ, ಎರಡರಲ್ಲೂ ಎದುರುಬದುರಾಗಿ ಕೊರೆದ ಬಾಗಿದ ತೋಡುಗಳು, ಅವುಗಳ ನಡುವೆ ಸಾಮಾನ್ಯವಾಗಿ ಆರು ಉಕ್ಕಿನ ಗುಂಡುಗಳು. ಕೀಲು ಎಷ್ಟೇ ಬಗ್ಗಲಿ, ಎರಡು ಶಾಫ್ಟುಗಳ ನಡುವಣ ಕೋನವನ್ನು ಸರಿಯಾಗಿ ಅರ್ಧ ಮಾಡುವ ಸಮತಲದಲ್ಲೇ ಈ ಗುಂಡುಗಳು ನಿಲ್ಲುತ್ತವೆ. ಅವನ್ನು ಅಲ್ಲಿ ಹಿಡಿದಿಡುವುದು ಕೇಜ್ ಎಂಬ ಕಿಟಕಿಗಳುಳ್ಳ ಉಕ್ಕಿನ ಬಳೆ. ಹೀಗಾಗಿ ಎರಡೂ ಕಡೆಯ ವೇಗ ಸದಾ ಒಂದೇ. ಸಿವಿ ಜಾಯಿಂಟ್ ಎಂದು ಮೆಕ್ಯಾನಿಕ್‌ಗಳು ಹೇಳುವುದು ಇದನ್ನೇ. ಚಕ್ರದ ಕಡೆಯ ತುದಿಯಲ್ಲಿ ಬಹುಪಾಲು ಈ ಗುಂಡಿನ ಕೀಲು, ಗೇರ್‌ಬಾಕ್ಸಿನ ಕಡೆ ಉದ್ದಕ್ಕೂ ಜಾರಬಲ್ಲ ಮತ್ತೊಂದು ಕೀಲು, ನಡುವೆ ಉಕ್ಕಿನ ಸರಳು. ಈ ಮೂರೂ ಸೇರಿ ಒಂದು ಆಕ್ಸಲ್.

ಹಳೆಯ ಆಕ್ಸಲ್ ಎಂದರೆ ಜನರಿಗೆ ಮೊದಲು ಬರುವ ಭಯ, ಓಡುತ್ತಿರುವಾಗಲೇ ಸರಳು ಮುರಿದೀತು ಎಂಬುದು. ಈ ಭಯಕ್ಕೆ ಇತಿಹಾಸದ ಆಧಾರವಿದೆ. 1842ರ ಮೇ 8ರಂದು ಫ್ರಾನ್ಸಿನ ವರ್ಸೈಯಿಂದ ಪ್ಯಾರಿಸ್ಸಿಗೆ ಮರಳುತ್ತಿದ್ದ ರೈಲಿನ ಎಂಜಿನ್ ಆಕ್ಸಲ್ ಮುರಿದು, ಗಾಡಿ ಹಳಿ ತಪ್ಪಿ, ಬೆಂಕಿ ಹೊತ್ತಿ ಐವತ್ತಕ್ಕೂ ಹೆಚ್ಚು ಜನ ಸತ್ತರು. ಅಂಟಾರ್ಕ್ಟಿಕಾದ ಅಂಚನ್ನು ಶೋಧಿಸಿ ಬಂದಿದ್ದ ನಾವಿಕ ಡ್ಯುಮಾಂ ಡರ್ವಿಲ್ ಹೆಂಡತಿ ಮಗನೊಂದಿಗೆ ಅದರಲ್ಲೇ ತೀರಿಕೊಂಡ. ಕಬ್ಬಿಣ ಬಹುಕಾಲ ಅದುರಿ ಅದುರಿ ಒಳಗೇ ಹರಳುಗಟ್ಟಿ ಪೆಡಸಾಗುತ್ತದೆ ಎಂದು ಆಗ ಹಲವರು ನಂಬಿದ್ದರು. ಮರುವರ್ಷ ಸ್ಕಾಟ್ಲೆಂಡಿನ ಎಂಜಿನಿಯರ್ ರಾಂಕಿನ್ ಮುರಿದ ಆಕ್ಸಲುಗಳನ್ನು ಪರಿಶೀಲಿಸಿ, ಶಾಫ್ಟಿನ ದಪ್ಪ ಬದಲಾಗುವ ಮೂಲೆಯಲ್ಲಿ ಹುಟ್ಟಿದ ಬಿರುಕು ದಿನೇ ದಿನೇ ಒಳಕ್ಕೆ ಬೆಳೆಯುತ್ತದೆ ಎಂದು ತೋರಿಸಿದ. ಆಮೇಲೆ ಪ್ರಷ್ಯಾದ ರೈಲ್ವೆ ಎಂಜಿನಿಯರ್ ಆಗಸ್ಟ್ ವೋಲರ್ ವರ್ಷಗಟ್ಟಲೆ ಪ್ರಯೋಗ ನಡೆಸಿ, ಲೋಹದ ದಣಿವು ಎಂಬುದಕ್ಕೆ ಲೆಕ್ಕ ಕೊಟ್ಟ. ಒಂದೇ ಏಟಿಗೆ ಮುರಿಯದ ಹೊರೆಯೂ ಲಕ್ಷಾಂತರ ಸಲ ಬಂದು ಹೋದರೆ ಉಕ್ಕನ್ನು ಮುರಿಯಬಲ್ಲದು. ಆದರೆ ಹೊರೆ ಒಂದು ಮಿತಿಗಿಂತ ಕೆಳಗಿದ್ದರೆ ಎಷ್ಟು ಸಲ ಬಂದರೂ ಉಕ್ಕು ತಾಳಿಕೊಳ್ಳುತ್ತದೆ.

ರೈಲಿನ ಆಕ್ಸಲಿನ ಈ ಪಾಠವನ್ನು ಕಾರಿನ ಡ್ರೈವ್ ಶಾಫ್ಟಿಗೆ ಹಾಗೇ ಅನ್ವಯಿಸುವುದು ಸರಿಯಲ್ಲ. ರೈಲಿನ ಆಕ್ಸಲ್ ಬೋಗಿಯ ಭಾರ ಹೊತ್ತು ಬಾಗಿರುತ್ತದೆ. ಅದು ಒಂದು ಸುತ್ತು ಸುತ್ತಿದಾಗ ಅದರ ಮೈಯ ಪ್ರತಿ ಬಿಂದುವೂ ಒಮ್ಮೆ ಹಿಗ್ಗಿ ಒಮ್ಮೆ ಕುಗ್ಗುತ್ತದೆ, ಅಂದರೆ ದಣಿವಿನ ಲೆಕ್ಕ ಸುತ್ತಿಗೊಂದರಂತೆ ಏರುತ್ತದೆ. ಮುಂದಿನ ಚಕ್ರ ಎಳೆಯುವ ಕಾರಿನಲ್ಲಿ ಭಾರ ಹೊರುವುದು ಹಬ್ ಮತ್ತು ಬೇರಿಂಗ್. ಶಾಫ್ಟಿನ ಪಾಲಿಗಿರುವುದು ತಿರುಚುವ ಬಲ ಮಾತ್ರ. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಸರಳು ಸಾವಿರ ಸುತ್ತು ಸುತ್ತಿದರೂ ಅದರೊಳಗಿನ ತಿರುಚು ಹೆಚ್ಚುಕಡಿಮೆ ಒಂದೇ ಸಮನಾಗಿರುತ್ತದೆ. ಅದು ಏರಿಳಿಯುವುದು ಗಾಡಿ ಹೊರಡುವಾಗ, ಗೇರ್ ಬದಲಿಸುವಾಗ, ಆಕ್ಸಿಲರೇಟರ್ ಒತ್ತಿ ಬಿಡುವಾಗ. ಸುಮಾರು 110 ನ್ಯೂಟನ್ ಮೀಟರ್ ಟಾರ್ಕಿನ ಸಣ್ಣ ಪೆಟ್ರೋಲ್ ಎಂಜಿನ್, ಮೊದಲ ಗೇರಿನಲ್ಲಿ ಒಟ್ಟು 14 ಪಟ್ಟು ಏರಿಕೆ ಎಂದು ಹಿಡಿದರೆ, ಒಂದೊಂದು ಶಾಫ್ಟಿಗೆ 770 ನ್ಯೂಟನ್ ಮೀಟರ್ ಬರುತ್ತದೆ. ಟಾಪ್ ಗೇರಿನಲ್ಲಿ ಅದರ ಕಾಲುಭಾಗವೂ ಇಲ್ಲ. ಸರಳಿನ ಗಾತ್ರವನ್ನು ನಿಗದಿ ಮಾಡುವುದು ಮೊದಲ ಗೇರಿನ ಈ ದೊಡ್ಡ ಹೊರೆಯನ್ನು ಲೆಕ್ಕಕ್ಕೆ ಹಿಡಿದೇ. ಆದ್ದರಿಂದ ಓಡೋಮೀಟರಿನ ಅಂಕಿ ನೋಡಿ ಸರಳಿನ ಬಗ್ಗೆ ಹೆದರಬೇಕಿಲ್ಲ.

ಓಡಿದ ದೂರದ ಪೂರ್ತಿ ಹೊರೆ ಬೀಳುವುದು ಕೀಲಿನ ಮೇಲೆ. ಸಣ್ಣ ಕಾರಿನ ಚಕ್ರದ ಸುತ್ತಳತೆ 1.8 ಮೀಟರ್ ಎಂದಿಟ್ಟುಕೊಂಡರೆ ಕಿಲೋಮೀಟರಿಗೆ ಸುಮಾರು 555 ಸುತ್ತು, ಲಕ್ಷ ಕಿಲೋಮೀಟರಿಗೆ ಐದೂವರೆ ಕೋಟಿ. ಕೀಲು ಬಗ್ಗಿರುವಾಗ ಪ್ರತಿ ಸುತ್ತಿಗೂ ಪ್ರತಿ ಗುಂಡು ತನ್ನ ತೋಡಿನಲ್ಲಿ ಒಮ್ಮೆ ಹಿಂದಕ್ಕೆ ಮುಂದಕ್ಕೆ ಓಡಾಡುತ್ತದೆ. ನೇರ ರಸ್ತೆಯಲ್ಲೂ ಶಾಫ್ಟ್ ಕೆಲವು ಡಿಗ್ರಿ ಬಗ್ಗಿಯೇ ಇರುವುದರಿಂದ ಈ ಓಡಾಟಕ್ಕೆ ಬಿಡುವಿಲ್ಲ. ಇಷ್ಟು ಕೋಟಿ ಉಜ್ಜಾಟವನ್ನು ತಾಳಲು ಕೀಲಿಗಿರುವ ಆಸರೆ ಎರಡು: ಕಾಯಿಸಿ ಗಡುಸು ಮಾಡಿದ ತೋಡಿನ ಮೇಲ್ಪದರ, ಮತ್ತು ಮಾಲಿಬ್ಡಿನಂ ಡೈಸಲ್ಫೈಡ್ ಬೆರೆಸಿದ ಕಪ್ಪು ಗ್ರೀಸ್. ಒಂದು ಕೀಲಿಗೆ ಈ ಗ್ರೀಸ್ ಬೇಕಾಗುವುದು ಸುಮಾರು ನೂರು ಗ್ರಾಂ ಮಾತ್ರ. ಎತ್ತಿನ ಗಾಡಿಯ ಅಚ್ಚಿಗಾದರೆ ಒಣಗಿದಾಗಲೆಲ್ಲ ಕೀಲೆಣ್ಣೆ ಹಚ್ಚಬಹುದಿತ್ತು; ಇಲ್ಲಿ ಕಾರ್ಖಾನೆಯಲ್ಲಿ ತುಂಬಿದ ಗ್ರೀಸೇ ಕೊನೆಯ ತನಕ. ಅದನ್ನು ಒಳಗೆ ಉಳಿಸಿ ಧೂಳನ್ನು ಹೊರಗಿಡುವುದು ಮಡಿಕೆ ಮಡಿಕೆಯಾಗಿರುವ ಆ ಬೂಟು.

ಬೂಟು ಹರಿಯಿತೆಂದರೆ ಚಕ್ರದ ವೇಗಕ್ಕೆ ಗ್ರೀಸ್ ಹೊರಕ್ಕೆ ಚಿಮ್ಮುತ್ತದೆ. ಆ ಬಾಯಿಯಿಂದ ನೀರೂ ಧೂಳೂ ಒಳಗೆ ಹೋಗುತ್ತವೆ. ನಮ್ಮ ಬಯಲುಸೀಮೆಯ ಮಣ್ಣಿನ ಬಹುಪಾಲು ಗ್ರಾನೈಟ್, ನೈಸ್ ಶಿಲೆಗಳು ಶಿಥಿಲವಾಗಿ ಆದದ್ದು. ಆ ಕಲ್ಲಿನ ಬೇರೆ ಖನಿಜಗಳು ಕರಗಿ ಜೇಡಿಯಾದರೂ ಬೆಣಚು ಕರಗದೆ ಸಣ್ಣ ಹರಳಾಗಿ ಉಳಿಯುತ್ತದೆ. ವಿಕರ್ಸ್ ಮಾಪನದಲ್ಲಿ ಬೆಣಚಿನ ಗಡಸುತನ 1000ಕ್ಕೂ ಮೇಲು, ಕೀಲಿನ ತೋಡಿನದು 700ರ ಆಸುಪಾಸು. ಅಂದರೆ ರಸ್ತೆಯ ಧೂಳಿನ ಕಣ ಕಾರ್ಖಾನೆಯವರು ಅಷ್ಟು ಕಷ್ಟಪಟ್ಟು ಗಡುಸು ಮಾಡಿದ ಉಕ್ಕಿಗಿಂತ ಗಟ್ಟಿ. ಉಳಿದ ಗ್ರೀಸಿನಲ್ಲಿ ಅದು ಬೆರೆತರೆ ವಾಲ್ವ್ ಉಜ್ಜುವ ಪೇಸ್ಟ್ ಮಾಡುವ ಕೆಲಸವನ್ನೇ ಮಾಡುತ್ತದೆ. ತೋಡು ಸವೆದು, ಕೇಜಿನ ಕಿಟಕಿ ಅಗಲವಾಗಿ, ಮೇಲ್ಪದರ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಬೂಟು ಚೆನ್ನಾಗಿದ್ದರೆ ಲಕ್ಷಾಂತರ ಕಿಲೋಮೀಟರ್ ಬಾಳಬಹುದಾಗಿದ್ದ ಕೀಲು ತಿಂಗಳುಗಳಲ್ಲೇ ಹಾಳಾಗಬಹುದು.

ಇದರಿಂದ ಬದಲಾವಣೆಯ ಹೊತ್ತು ತಾನಾಗಿ ತಿಳಿಯುತ್ತದೆ. ಬೂಟಿನ ಮಡಿಕೆಯಲ್ಲಿ ಬಿರುಕು ಕಾಣುತ್ತಿದೆ, ಗ್ರೀಸ್ ಇನ್ನೂ ಒಳಗಿದೆ, ಶಬ್ದವಿಲ್ಲ ಎಂದಾದರೆ ಬದಲಿಸಬೇಕಾದ್ದು ಬೂಟನ್ನು. ಕೀಲು ಬಿಚ್ಚಿ ತೊಳೆದು, ಹೊಸ ಗ್ರೀಸ್ ತುಂಬಿ, ಹೊಸ ಬೂಟು ಕ್ಲಿಪ್ ಹಾಕಿದರೆ ಅದೇ ಆಕ್ಸಲ್ ಮತ್ತೆ ಬಹುಕಾಲ ನಡೆಯುತ್ತದೆ. ಚಕ್ರದ ಒಳಮೈಗೆ, ಸಸ್ಪೆನ್ಷನ್ನಿಗೆ ಕಪ್ಪು ಗ್ರೀಸ್ ಎರಚಿದ್ದರೆ ಬೂಟು ಆಗಲೇ ಬಾಯಿಬಿಟ್ಟಿದೆ ಎಂದರ್ಥ. ಆಗ ಕೀಲನ್ನು ತೊಳೆದು ಗುಂಡು, ತೋಡುಗಳನ್ನು ಬೆಳಕಿನಲ್ಲಿ ನೋಡಿಯೇ ತೀರ್ಮಾನಿಸಬೇಕು. ಖಾಲಿ ಜಾಗದಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಧಾನವಾಗಿ ಸುತ್ತು ಹಾಕಿದಾಗ ಕಟ್ ಕಟ್ ಎಂದು ಚಕ್ರದ ವೇಗಕ್ಕೆ ತಕ್ಕಂತೆ ಸದ್ದು ಬಂದರೆ ಹೊರಗಿನ ಕೀಲು ಸವೆದಿದೆ. ಕೋನ ಹೆಚ್ಚಾದಾಗ ಗುಂಡುಗಳ ಓಡಾಟವೂ ಹೆಚ್ಚುವುದರಿಂದ ಸವೆತ ಮೊದಲು ಕೇಳುವುದು ತಿರುವಿನಲ್ಲೇ. ಆಕ್ಸಿಲರೇಟರ್ ಒತ್ತಿದಾಗ ಗಾಡಿ ನಡುಗಿ, ಕಾಲು ತೆಗೆದರೆ ನಡುಕ ನಿಂತರೆ ಒಳಗಿನ ಕೀಲಿನ ಮೇಲೆ ಅನುಮಾನಪಡಬೇಕು. ಕಾಲು ತೆಗೆದರೂ ಅದೇ ವೇಗದಲ್ಲಿ ನಡುಕ ಉಳಿದರೆ ಚಕ್ರದ ಬ್ಯಾಲೆನ್ಸ್ ನೋಡಿಸಿ. ನೇರ ಹೋಗುವಾಗಲೂ ಗುಂಯ್‌ಗುಡುತ್ತಿದ್ದರೆ ಬೇರಿಂಗ್ ನೋಡಿಸಿ. ಈ ವ್ಯತ್ಯಾಸ ಗುರುತಿಸದೆ ಬದಲಿಸಿದ ಆಕ್ಸಲುಗಳು ಕಡಿಮೆಯೇನಲ್ಲ.

ಕಟ್ ಕಟ್ ಸದ್ದಿನಲ್ಲೇ ಎಷ್ಟೋ ಕಾರು ವರ್ಷ ಓಡಿವೆ, ಅವಸರ ಯಾಕೆ ಎಂದು ಕೇಳುವವರಿದ್ದಾರೆ. ಅವರ ಅನುಭವ ಸುಳ್ಳಲ್ಲ. ಸದ್ದು ಶುರುವಾದ ಮರುದಿನವೇ ಕೀಲು ಕಳಚಿ ಬೀಳುವುದಿಲ್ಲ. ಆದರೆ ಅದು ಎಂದು ಕೊನೆಯಾಗುತ್ತದೆ ಎಂದು ಸದ್ದನ್ನು ಕೇಳಿ ಯಾರೂ ಹೇಳಲಾರರು. ಕೇಜ್ ಒಡೆದು ಗುಂಡುಗಳು ಹೊರಬಿದ್ದರೆ ಆ ಚಕ್ರ ಮಾತ್ರವಲ್ಲ, ಇನ್ನೊಂದು ಚಕ್ರವೂ ಎಳೆಯುವುದಿಲ್ಲ. ಸಾಮಾನ್ಯ ಡಿಫರೆನ್ಷಿಯಲ್ ಎರಡೂ ಕಡೆಗೆ ಸಮಬಲ ಹಂಚುವಂಥದ್ದು. ಒಂದು ಕಡೆ ತಡೆಯೇ ಇಲ್ಲದಿದ್ದರೆ ಇನ್ನೊಂದು ಕಡೆಗೂ ಬಲ ಸಿಗದು. ಅದಕ್ಕಿಂತ ಮುಖ್ಯವಾದದ್ದು, ಕಡಿಮೆ ಜನ ಯೋಚಿಸುವಂಥದ್ದು, ನಿಲ್ಲಿಸಿದ ಗಾಡಿಯ ಅಪಾಯ. ಆಟೊಮ್ಯಾಟಿಕ್ ಕಾರಿನ ‘ಪಿ’ ಸ್ಥಾನ ಹಿಡಿದಿಡುವುದು ಗೇರ್‌ಬಾಕ್ಸನ್ನು, ಚಕ್ರವನ್ನಲ್ಲ. ಮ್ಯಾನ್ಯುಯಲ್ ಕಾರನ್ನು ಗೇರಿನಲ್ಲಿ ನಿಲ್ಲಿಸುವುದೂ ಹಾಗೆಯೇ. ಎರಡರಲ್ಲೂ ಆ ಹಿಡಿತ ಚಕ್ರಕ್ಕೆ ತಲುಪುವುದು ಇದೇ ಶಾಫ್ಟಿನ ಮೂಲಕ. ಆಗುಂಬೆ, ಚಾರ್ಮಾಡಿಯಂಥ ಘಾಟಿಯ ಇಳಿಜಾರಿನಲ್ಲಿ ಕೀಲು ಕಳಚಿದ ಕಾರನ್ನು ಹ್ಯಾಂಡ್ ಬ್ರೇಕ್ ಹಾಕದೆ ಬಿಟ್ಟರೆ ಅದು ಉರುಳಿಹೋಗುತ್ತದೆ. ಸದ್ದು ಬಂದ ಮೇಲೆ ಬದಲಿಸುವುದನ್ನು ಮುಂದೂಡಬಾರದು ಎನ್ನಲು ನನಗೆ ಇದೊಂದೇ ಕಾರಣ ಸಾಕು.

ಸದ್ದು ಬಂದಮೇಲೂ ಗ್ರೀಸ್ ತುಂಬಿ ಹೊಸ ಬೂಟು ಹಾಕಿದರೆ ಸಾಲದೇ ಎಂಬುದು ಮತ್ತೊಂದು ವಾದ. ಗ್ರೀಸ್ ಸವೆತವನ್ನು ನಿಧಾನ ಮಾಡೀತು, ಸವೆದುಹೋದ ಉಕ್ಕನ್ನು ಮರಳಿ ಕೊಡಲಾರದು. ಎಡದ ಕೀಲನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕುವ ಉಪಾಯವೂ ಕೆಲವರಿಗೆ ಗೊತ್ತು. ಗಾಡಿ ಮುಂದಕ್ಕೆ ಹೋಗುವಾಗ ಗುಂಡು ತೋಡಿನ ಒಂದೇ ಪಕ್ಕವನ್ನು ಒತ್ತುವುದರಿಂದ, ಪಕ್ಕ ಬದಲಿಸಿದರೆ ಸವೆಯದ ಮೈ ಹೊರೆಗೆ ಸಿಗುತ್ತದೆ, ಸದ್ದು ಅಡಗುತ್ತದೆ. ತರ್ಕ ಸರಿಯೇ, ಆದರೆ ಕೇಜಿನ ಸಡಿಲ ಹಾಗೇ ಉಳಿಯುತ್ತದೆ. ಸದ್ದಿನ ರೂಪದಲ್ಲಿದ್ದ ಎಚ್ಚರಿಕೆ ಮಾತ್ರ ಹೊರಟುಹೋಗುತ್ತದೆ. ಹಾಗೆಂದು ಸರಿಯಿರುವ ಆಕ್ಸಲನ್ನು ದೂರದ ಲೆಕ್ಕ ಹಿಡಿದು ಮುಂಜಾಗ್ರತೆಗೆ ಬದಲಿಸುವುದನ್ನೂ ನಾನು ಒಪ್ಪಲಾರೆ. ಬೂಟು ಗಟ್ಟಿಯಿರುವ ಕಂಪನಿಯ ಮೂಲ ಶಾಫ್ಟನ್ನು ತೆಗೆದು, ಎಲ್ಲಿಯದೋ ಅಗ್ಗದ ಶಾಫ್ಟ್ ಹಾಕಿಸಿದರೆ ಉಕ್ಕಿನ ಗಡಸುತನದಲ್ಲೂ ಬೂಟಿನ ರಬ್ಬರಿನಲ್ಲೂ ಒಳ್ಳೆಯದನ್ನು ಕೊಟ್ಟು ಕೆಟ್ಟದ್ದನ್ನು ಕೊಂಡಂತಾಗುತ್ತದೆ.

ಒಂದು ವಿನಾಯಿತಿ ಮಾತ್ರ ಹೇಳಲೇಬೇಕು. ವೋಲರ್ ಕಂಡ ಸುರಕ್ಷಿತ ಮಿತಿ ತುಕ್ಕು ತಾಗದ ಉಕ್ಕಿಗೆ ಸಲ್ಲುತ್ತದೆ. ಮಂಗಳೂರು, ಕಾರವಾರದಂಥ ಕಡಲತೀರದ ಉಪ್ಪುಗಾಳಿಯಲ್ಲಿ ಸರಳಿನ ಬಣ್ಣ ಎದ್ದುಹೋಗಿ ತುಕ್ಕು ಗುಳಿಬಿದ್ದರೆ, ಆ ಗುಳಿಯೇ ಬಿರುಕಿನ ಹುಟ್ಟುನೆಲೆ. ಮೇಲುಮೇಲಿನ ತುಕ್ಕು ಲೆಕ್ಕಕ್ಕಿಲ್ಲ. ಉಗುರಿಗೆ ಸಿಗುವಷ್ಟು ಆಳದ ಗುಳಿಗಳು ಸರಳಿನ ಸುತ್ತ ಕಂಡರೆ ಕೀಲು ಸುಮ್ಮನಿದ್ದರೂ ಶಾಫ್ಟ್ ಬದಲಿಸುವುದೇ ಸರಿ.

ಬೂಟು, ಗ್ರೀಸ್, ಕ್ಲಿಪ್ಪಿನ ಕಿಟ್‌ಗೆ ಆಗುವುದು ಕೆಲವು ನೂರು ರೂಪಾಯಿ, ಶಾಫ್ಟಿಗೆ ಕೆಲವು ಸಾವಿರ. ಮುಂದಿನ ಸರ್ವಿಸಿನಲ್ಲಿ ಕಾರು ಲಿಫ್ಟ್ ಏರಿದಾಗ, ಎರಡು ಶಾಫ್ಟುಗಳ ನಾಲ್ಕೂ ಬೂಟುಗಳನ್ನು ಮಡಿಕೆ ಬಿಡಿಸಿ ತೋರಿಸಿ ಎಂದು ಮೆಕ್ಯಾನಿಕ್‌ಗೆ ಹೇಳಿ. ಶಾಫ್ಟ್ ಬಿಚ್ಚುವ ಕೆಲಸ ಬಂದರೆ ಹಬ್ಬಿನ ದೊಡ್ಡ ನಟ್ ಹೊಸದು ಹಾಕಿಸಿ, ಅದನ್ನು ಟಾರ್ಕ್ ರೆಂಚಿನಿಂದ ಕಂಪನಿ ಹೇಳಿದಷ್ಟೇ ಬಿಗಿಸುವುದನ್ನು ನಿಂತು ನೋಡಿ.